ಸಿಂಗಪುರದ ಪೆಟ್ಟಿಯಲ್ಲಿ ಅಜ್ಜಿ ಕಂಡದ್ದು

ಚಿಕ್ಕಪ್ಪ ಸಿಂಗಪುರದ ಕೆಲಸ ಬಿಟ್ಟು ತಮಿಳುನಾಡಿನ ನಮ್ಮೂರು ತೇವಾರಕ್ಕೆ ಮರಳಿದ್ದು ಆಡಿ ತಿಂಗಳಲ್ಲಿ, ಆಷಾಢದ ಹೊತ್ತಿಗೆ. ಬೆಟ್ಟದ ಕಡೆಯಿಂದ ಗಾಳಿ ಬಿಡದೆ ಬೀಸುತ್ತಿತ್ತು. ಬಾಡಿಗೆ ಕಾರಿನ ತಲೆಯ ಮೇಲೆ ಹಗ್ಗದಿಂದ ಬಿಗಿದಿದ್ದ ದೊಡ್ಡ ಪೆಟ್ಟಿಯನ್ನು ಅಪ್ಪ, ಚಿಕ್ಕಪ್ಪ ಸೇರಿ ಕೂಸನ್ನು ಇಳಿಸುವ ಹಾಗೆ ಇಳಿಸಿದರು. ಆಮೇಲೆ ಕಾರಿನೊಳಗಿಂದ ಚಿಕ್ಕವ್ವ ಇಳಿದಳು. ಅವಳು ನಮ್ಮ ಜನವೇ. ಆದರೆ ಅವಳ ತಂದೆ ಎಂದೋ ಸಮುದ್ರ ದಾಟಿ ಹೋಗಿದ್ದರಿಂದ ಹುಟ್ಟಿ ಬೆಳೆದದ್ದೆಲ್ಲ ಸಿಂಗಪುರದಲ್ಲಿ. ನಮ್ಮಲ್ಲಿ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಅವಳಿಗೆ ಎಲ್ಲ ಕಡೆಯೂ ತಮಿಳೇ. ಕನ್ನಡದಲ್ಲಿ ಕೇಳಿದ್ದು ಅರ್ಥವಾಗುತ್ತಿತ್ತು, ಉತ್ತರ ಮಾತ್ರ ತಮಿಳಿನಲ್ಲಿ ಬರುತ್ತಿತ್ತು. ಅಜ್ಜಿಗೆ ಅದು ಹಿಡಿಸಲಿಲ್ಲ. ಸೊಸೆ ಮಾತಾಡಿಸಿದರೆ ಮುಖ ಬೇರೆ ಕಡೆ ತಿರುಗಿಸಿ ಎಲೆಯಡಿಕೆ ಕುಟ್ಟುತ್ತಿದ್ದಳು.

ಪೆಟ್ಟಿಯೊಳಗಿದ್ದದ್ದು ಟೆಲಿವಿಷನ್. ನಾಲ್ಕು ಕಾಲು, ಮಿರುಗುವ ಮರದ ಮೈ, ಮುಂದೆ ಉಬ್ಬಿದ ಬೂದು ಗಾಜು. ಚಿಕ್ಕಪ್ಪ ಅದರ ಆಂಟೆನಾವನ್ನು ಮಾಳಿಗೆಯ ಮೇಲೆ ಬಿದಿರಿಗೆ ಕಟ್ಟಿ ನಿಲ್ಲಿಸಿದ.

"ದಿಲ್ಲೀಲಿ ಸ್ಟೇಷನ್ ಐತಂತೆ," ಅಂದ. "ರೇಡಿಯೋಗೆ ಸಿಲೋನು ಸಿಕ್ತದೆ. ಇದಕ್ಕೆ ದಿಲ್ಲಿ ಸಿಕ್ಕಲ್ವಾ?"

ಸಿಗಲಿಲ್ಲ. ಬಿದಿರನ್ನು ಎತ್ತ ತಿರುಗಿಸಿದರೂ ಗಾಜಿನ ತುಂಬ ಬಿಳಿ ಕಾಳು ಕುದಿಯುತ್ತಿತ್ತು. ಗರಿಯ ಚಪ್ಪರದ ಮೇಲೆ ಮಳೆ ಸುರಿದಂಥ ಸದ್ದು. ಸ್ವಲ್ಪ ದಿನ ನೋಡಿ ಚಿಕ್ಕಪ್ಪ ಕೈಬಿಟ್ಟು, ಅಪ್ಪನ ಜೊತೆ ತೋಟಕ್ಕೆ ಹೋಗತೊಡಗಿದ.

ಚಿಕ್ಕವ್ವ ಕೈಬಿಡಲಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಬಂದು ಗುಂಡಿ ತಿರುಗಿಸಿ ಅದರ ಮುಂದೆ ನೆಲದ ಮೇಲೆ ಕೂರುವಳು. ಆ ಹೊತ್ತಿಗೆ ಸಿಂಗಪುರದಲ್ಲಿ ಅವಳ ತಂಗಿಯರೂ ಇಂಥದ್ದೇ ಪೆಟ್ಟಿಯ ಮುಂದೆ ಕೂತಿರುತ್ತಾರೆ ಎಂದು ಒಮ್ಮೆ ನನಗೆ ಹೇಳಿದಳು. ಶಾಲೆಯಿಂದ ಬಂದು ಊಟ ಮುಗಿಸಿ ನಾನೂ ಅವಳ ಪಕ್ಕ ಕೂರುತ್ತಿದ್ದೆ. ಆ ಬೆಳಕು ಗೋಡೆಯ ಮೇಲೆ ಉಸಿರಾಡುತ್ತಿತ್ತು. ನೋಡುತ್ತ ನೋಡುತ್ತ ಕಾಳುಗಳೆಲ್ಲ ಕುರಿಮಂದೆಯಾಗಿ ಬೆಟ್ಟ ಇಳಿಯುತ್ತಿದ್ದವು, ಮತ್ತೆ ನೀರಾಗಿ ಹರಡುತ್ತಿದ್ದವು. ಬೋಡಿ ಪೇಟೆಗೆ ಹೋಗುವ ಬಸ್ಸು ಬೀದಿಯಲ್ಲಿ ಹಾದುಹೋದರೆ ಗಾಜಿನ ಅಡ್ಡಕ್ಕೆ ಕಿಡಿ ಹಾರುತ್ತಿದ್ದವು. ಎಷ್ಟೋ ಸಲ ನಾನು ಅಲ್ಲೇ ಅವಳ ತೊಡೆಯ ಮೇಲೆ ನಿದ್ದೆ ಹೋಗಿದ್ದೇನೆ.

ಸುದ್ದಿ ಕೇಳಿ ಬೀದಿಯ ಹೆಂಗಸರೂ ಬರತೊಡಗಿದರು. ಏನು ಕಾಣುತ್ತದೆ ಎನ್ನುವುದೇ ಒಂದು ಆಟವಾಯಿತು. ಒಬ್ಬಳಿಗೆ ಬೀಸುವ ಕಲ್ಲಿನಿಂದ ಉದುರುವ ಹಿಟ್ಟು, ಇನ್ನೊಬ್ಬಳಿಗೆ ದೀಪಕ್ಕೆ ಮುತ್ತಿದ ಹುಳ. ಅಜ್ಜಿ ಮೂಲೆಯಲ್ಲಿ ಅಡಿಕೆ ಕುಟ್ಟುತ್ತ ಕೂತಿದ್ದಳು. ಚಿಕ್ಕವ್ವ ಅವಳ ಕಡೆ ತಿರುಗಿ, ಪದಗಳನ್ನು ಒಂದೊಂದಾಗಿ ಆಯ್ದುಕೊಳ್ಳುತ್ತ, ಕನ್ನಡದಲ್ಲಿ ಕೇಳಿದಳು.

"ಅತ್ತೆ, ನಿಮಗೆ ಏನು ಕಾಣ್ತದೆ?"

"ಏನ್ ಕೇಳ್ತೀಯೇ ಅದ್ನ," ಅಂದಳು ಅಜ್ಜಿ. "ಹಗಲೆಲ್ಲಾ ನನ್ ಕಣ್ಣಿಗೆ ಕಾಣೋದು ಇದೇ. ಬೆಳ್ಳಗೆ, ಮಬ್ಬು ಮಬ್ಬಾಗಿ. ಇದ ನೋಡಾಕೆ ಒಂದು ಪೆಟ್ಟಿ ಬೇರೆ ಬೇಕಾ?"

ಹೆಂಗಸರು ನಕ್ಕರು. ಚಿಕ್ಕವ್ವ ನಗಲಿಲ್ಲ. ಎದ್ದು ಟೆಲಿವಿಷನ್ ಆರಿಸಿ, ಅಜ್ಜಿಯ ಎದುರು ಮೊಣಕಾಲೂರಿ ಕೂತು, ಬರಿಗೈ ಚಾಚಿದಳು.

"ಇದೇನು ಅತ್ತೆ?"

ಅಜ್ಜಿ ಸ್ವಲ್ಪ ತಡೆದು, "ಚೆಂಬು," ಅಂದಳು.

ಅಡುಗೆಮನೆಯಿಂದ ಬಂದ ಅವ್ವ ಬಾಗಿಲಲ್ಲೇ ನಿಂತಳು. ಒಲೆ ಹಚ್ಚುವುದು, ಮೊಸರು ಕಡೆಯುವುದು, ಹಿತ್ತಲಿನ ತನಕ ನಡೆದುಹೋಗುವುದು ಎಲ್ಲವನ್ನೂ ಅಜ್ಜಿ ಅಳತೆ ತಪ್ಪದೆ ಮಾಡುತ್ತಿದ್ದಳು. ಅವಳ ಕಣ್ಣು ಮಬ್ಬಾಗಿದ್ದು ನಮ್ಮಲ್ಲಿ ಒಬ್ಬರಿಗೂ ಗೊತ್ತಾಗಿರಲಿಲ್ಲ.

"ಯಾಕೆ ಹೇಳಲಿಲ್ಲ?" ಚಿಕ್ಕವ್ವ ಕೇಳಿದಳು.

"ಹೇಳಿದ್ರೆ ಒಲೆ ಹತ್ರ ಬಿಡ್ತಾರಾ? ಮೂಲೇಲಿ ಕೂರುಸ್ತಾರೆ." ಆಮೇಲೆ ಅಜ್ಜಿ ತಗ್ಗಿದ ದನಿಯಲ್ಲಿ ಅಂದಳು, "ನಿನ್ ಮುಖಾನೂ ನಾನಿನ್ನೂ ನೋಡಿಲ್ಲ ಕಣೇ. ತಮಿಳಲ್ಲಿ ಸದ್ದು ಬಂದ್ರೆ ನೀನು ಅಂದ್ಕಳ್ತೀನಿ."

ಅಪ್ಪ, ದ್ರಾಕ್ಷಿ ಕೊಯ್ಲು ಮುಗಿಯಲಿ, ಆಮೇಲೆ ಆಸ್ಪತ್ರೆಗೆ ಹೋಗೋಣ ಅಂದರು. ಅಲ್ಲಿಯವರೆಗೆ ಅಪ್ಪನ ಎದುರು ಬಾಯಿ ತೆರೆಯದಿದ್ದ ಚಿಕ್ಕವ್ವ ಬಾಗಿಲ ಮರೆಯಿಂದ, "ಬಾವ, ನಾನು ಜತೇಲಿ ಇರ್ತೀನಿ. ನಾಳೇನೇ ಹೋಗೋಣ," ಅಂದಳು. ಹೋದೆವು. ಅಜ್ಜಿ ನನ್ನ ಕೈ ಬಿಡದಿದ್ದರಿಂದ ನನ್ನನ್ನೂ ಕರೆದುಕೊಂಡು ಹೋದರು.

ದಿಂಡಿಗಲ್‌ನ ಆಸ್ಪತ್ರೆಯಲ್ಲಿ ಪೊರೆ ತೆಗೆದು ಎರಡೂ ಕಣ್ಣಿಗೆ ಕಟ್ಟು ಹಾಕಿದರು. ತಲೆ ಅಲ್ಲಾಡಿಸಬಾರದೆಂದು ಎರಡು ಪಕ್ಕಕ್ಕೂ ಮರಳಿನ ಚೀಲ ಇಟ್ಟರು. ಹುಟ್ಟಿದಾಗಿನಿಂದ ಸುಮ್ಮನೆ ಮಲಗಿ ಗೊತ್ತಿಲ್ಲದ ಅಜ್ಜಿ ಕೈಕಾಲು ಬಡಿದಳು, ಮನೆಗೆ ಕರಕೊಂಡು ಹೋಗಿ ಎಂದು ಹಟ ಹಿಡಿದಳು. ಚಿಕ್ಕವ್ವ ಮಂಚದ ಪಕ್ಕ ಕೂತು ಅವಳ ಅಂಗೈ ಹಿಡಿದಳು.

"ಅತ್ತೆ, ಪೆಟ್ಟಿ ಹಾಕ್ತೀನಿ, ನೋಡಿ," ಎಂದು ತಾನು ಸಿಂಗಪುರದಲ್ಲಿ ನೋಡಿದ್ದನ್ನು ಹೇಳಲು ಶುರು ಮಾಡಿದಳು. ಮುಡಿಗೆ ಹೂ ಮುಡಿದು ತಮಿಳಿನಲ್ಲಿ ಸುದ್ದಿ ಓದುವ ಹೆಂಗಸು. ಮುಖಕ್ಕೆ ಬಣ್ಣ ಬಳಿದು ಗಿಳಿಯ ಹಾಗೆ ಹಾಡುವ ಚೀನೀ ಜನ. ಬಂದರಿನ ನೀರಿನಲ್ಲಿ ದೀಪ ಹೊತ್ತು ನಿಂತ ಕಪ್ಪಲು.

"ಹಡಗು ಅನ್ನು," ಅಜ್ಜಿ ಮಲಗಿದ್ದಲ್ಲಿಂದಲೇ ತಿದ್ದಿದಳು.

"ಹಡಗು. ಅದರ ಮೇಲೆ ಆಕಾಶ, ದುಂಡಗೆ ಬೆಳ್ಳಗೆ ನಿಲಾ."

"ತಿಂಗಳು."

ಹೀಗೆ ದಿನಗಳು ಹೋದವು. ಕಿಟಕಿಯಾಚೆ ರೈಲು ಹಿಂದೆ ಮುಂದೆ ಓಡಾಡುವ ಸದ್ದು, ಬೀಗ ಮಾಡುವವರ ಸುತ್ತಿಗೆಯ ಸದ್ದು, ಗಾಳಿ ತಿರುಗಿದರೆ ತೊಗಲು ಹದ ಮಾಡುವ ವಾಸನೆ. ಮಂಚದ ಕೆಳಗೆ ಚಾಪೆಯ ಮೇಲೆ ಮಲಗಿ ನಾನೂ ಕೇಳುತ್ತಿದ್ದೆ. ಅರೆನಿದ್ದೆಯಲ್ಲಿ ರೈಲಿನ ಕೂಗು ಹಡಗಿನದಾಗುತ್ತಿತ್ತು. ಸಿಂಗಪುರವನ್ನು ನಾನು ಇವತ್ತಿನವರೆಗೂ ನೋಡಿಲ್ಲ, ಆದರೆ ನನ್ನೊಳಗೆ ಅದೊಂದು ಕನ್ನಡ ಮಾತಾಡುವ ಊರು. ಕಟ್ಟು ಬಿಚ್ಚುವ ಹೊತ್ತಿಗೆ ಚಿಕ್ಕವ್ವ ಅಜ್ಜಿಯನ್ನು ಕೇಳದೆಯೇ ಇಡೀ ಕಥೆ ಕನ್ನಡದಲ್ಲಿ ಹೇಳುವಂತಾಗಿದ್ದಳು.

ಕನ್ನಡಕ ಸಿಕ್ಕಿದ್ದು ಕೆಲವು ವಾರ ಕಳೆದು ಮತ್ತೆ ದಿಂಡಿಗಲ್‌ಗೆ ಹೋದಾಗ. ಗಾಜು ಶೀಸೆಯ ತಳದಷ್ಟು ದಪ್ಪ. ಅದರ ಹಿಂದೆ ಅಜ್ಜಿಯ ಕಣ್ಣು ಮೀನಿನ ಕಣ್ಣಿನಂತೆ ದೊಡ್ಡದಾಗಿ ಹೊರಳಿತು. ಅವಳು ಚಿಕ್ಕವ್ವನ ಗಲ್ಲ ಹಿಡಿದು ಬೆಳಕಿನ ಕಡೆ ತಿರುಗಿಸಿ, ತುಂಬ ಹೊತ್ತು ನೋಡಿದಳು.

"ಇಷ್ಟ್ ಚಿಕ್ ಹುಡುಗಿಯಾ ನೀನು," ಅಂದಳು. "ದನಿ ಕೇಳಿ ದೊಡ್ಡೋಳು ಅಂದ್ಕಂಡಿದ್ದೆ."

ಚಿಕ್ಕವ್ವ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಊರಿಗೆ ಬಂದ ಸಂಜೆ ಅಜ್ಜಿ ತಾನೇ ಹೋಗಿ ಟೆಲಿವಿಷನ್ ಮುಂದೆ ಕೂತು, ಹಾಕಿಸಿಕೊಂಡು, ಕನ್ನಡಕ ಸರಿಮಾಡಿಕೊಂಡು ನೋಡಿದಳು. "ಇದ್ರೊಳಗೆ ಏನೂ ಇಲ್ವಲ್ಲೇ," ಅಂದು ಎದ್ದಳು. ಆಮೇಲೆ ಅದನ್ನು ಹಾಕುವುದು ಕಡಿಮೆಯಾಯಿತು. ಮುಂದೆ ಯಾವಾಗಲೋ ಒಳಗಿನ ವಾಲ್ವ್ ಸುಟ್ಟುಹೋಯಿತು. ಯಾರೂ ರಿಪೇರಿಗೆ ಒಯ್ಯಲಿಲ್ಲ.

ಊರಿಗೆ ಬಂದ ಮಾರನೆಯ ಬೆಳಿಗ್ಗೆ ನಾನು ಎದ್ದಾಗ ಅಜ್ಜಿ ಮನೆಯೆಲ್ಲ ಸುತ್ತುತ್ತಿದ್ದಳು. ಜಂತೆಯ ಜೇಡರಬಲೆ, ಒಲೆಯ ಹಿಂದಿನ ಮಸಿ, ಗೋಡೆಯ ಮೇಲಿನ ಎಣ್ಣೆಕೈ ಗುರುತು ಎಲ್ಲ ಅವಳಿಗೆ ಒಟ್ಟಿಗೆ ಕಂಡಿದ್ದವು.

"ಏನೇ ಇದು, ಇಂಥಾ ಮನೇಲಿ ಇದ್ವಾ ನಾವು?"

"ಇದ್ವಿ ಅತ್ತೆ," ಅಂದಳು ಚಿಕ್ಕವ್ವ.

ಆ ವಾರವೇ ಅತ್ತೆ ಸೊಸೆ ಇಬ್ಬರೂ ಸೀರೆ ಎತ್ತಿ ಕಟ್ಟಿ, ಸುಣ್ಣ ಕದಡಿಕೊಂಡು, ಬಾಗಿಲ ಪಕ್ಕದ ಗೋಡೆಯಿಂದ ಬಳಿಯಲು ಶುರುಮಾಡಿದರು.