ಕೈಯ ತೊದಲು

ಕೊರೋನಾ ಹಾವಳಿ ಇಳಿದ ಮರುವರ್ಷ ನಾನು ಹಿಂದೂಪುರದಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿದ್ದೆ. ನಿವೃತ್ತಿ ಹತ್ತಿರವಾಗಿತ್ತು. ವಾರವಿಡೀ ಊರಿನ ಒಂದು ಆಸ್ಪತ್ರೆಯಲ್ಲಿ ಕೆಲಸ, ಗುರುವಾರ ಮಾತ್ರ ಕಲ್ಯಾಣದುರ್ಗ. ಅಲ್ಲಿನ ನರ್ಸಿಂಗ್ ಹೋಮ್ ಒಂದರ ಮಹಡಿಯಲ್ಲಿ ನನಗೊಂದು ಕೋಣೆ ಕೊಟ್ಟಿದ್ದರು. ಜನ ನನ್ನನ್ನು ‘ಮಾತಿನ ಡಾಕ್ಟರಮ್ಮ’ ಎನ್ನುತ್ತಿದ್ದರು. ನಾನು ಡಾಕ್ಟರಲ್ಲ. ತೊದಲುವವರಿಗೆ, ತಡವಾಗಿ ಮಾತು ಕಲಿಯುವ ಮಕ್ಕಳಿಗೆ, ಲಕ್ವ ಹೊಡೆದು ಮಾತು ಕಳೆದುಕೊಂಡವರಿಗೆ ಅಭ್ಯಾಸ ಮಾಡಿಸುವುದು ನನ್ನ ಉದ್ಯೋಗ. ಅರ್ಧ ದಿನ ತೆಲುಗು, ಅರ್ಧ ದಿನ ಕನ್ನಡ. ಒಂದೇ ಮನೆಯವರು ಒಂದೇ ಉಸಿರಿನಲ್ಲಿ ಎರಡನ್ನೂ ಆಡುವ ಸೀಮೆ ಅದು.

ಹಾಗೊಂದು ಗುರುವಾರ ಮಾರಕ್ಕ ಬಂದರು. ಅರವತ್ತು ದಾಟಿದ ಹೆಂಗಸು, ಸೆಟ್ಟೂರಿನ ಕಡೆಯವರು. ಕೆಲವು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈ ಸೋತಿತ್ತು, ಮಾತು ಹೋಗಿತ್ತು. ನಾವು ಹೇಳಿದ್ದೆಲ್ಲ ಅವರಿಗೆ ಅರ್ಥವಾಗುತ್ತಿತ್ತು, ಆದರೆ ಬೇಕಾದ ಪದ ಬಾಯಿಗೆ ಬರುತ್ತಿರಲಿಲ್ಲ. ಈ ಸ್ಥಿತಿಗೆ ನಮ್ಮ ವೃತ್ತಿಯಲ್ಲಿ ಅಫೇಸಿಯಾ ಎನ್ನುತ್ತಾರೆ. ಅವರನ್ನು ಎತ್ತಿಕೊಂಡಂತೆ ಮೆಟ್ಟಿಲು ಹತ್ತಿಸಿ ಕರೆತಂದವನು ಮಗ ಓಬಳೇಶ. ಮೂವತ್ತೇಳು ಮೂವತ್ತೆಂಟರ ವಯಸ್ಸು, ಅಗಲ ಭುಜ, ಕಲ್ಯಾಣದುರ್ಗದಲ್ಲಿ ಲಗೇಜ್ ಆಟೋ ಓಡಿಸಿ ಟೊಮೆಟೊ ಸಾಗಿಸುತ್ತಿದ್ದ.

ಮೇಜಿನ ಮೇಲೆ ಲೋಟ ಇಟ್ಟು “ಇದೇನಕ್ಕಾ?” ಎಂದು ಕೇಳಿದೆ. ಮಾರಕ್ಕ ಲೋಟವನ್ನು ನೋಡಿದರು, ತುಟಿ ಅಲುಗಾಡಿಸಿದರು, ಹಣೆಯ ಮೇಲೆ ಬೆವರು ಬಂತು. ಪದ ಬರಲಿಲ್ಲ. ಮಗ ತಡೆಯಲಾರದೆ “ಲೋಟ ಅನ್ನಮ್ಮ, ಲೋಟ” ಎಂದ. ಆಕೆ ತಿರುಗಿ, “ಸುಮ್ಕಿರ್ಲಾ ಮುಂಡೇದೆ!” ಎಂದು ಸ್ಪಷ್ಟವಾಗಿ ಬೈದರು.

ನಾನೂ ಓಬಳೇಶನೂ ನಕ್ಕುಬಿಟ್ಟೆವು. ಮಾರಕ್ಕನೂ ನಕ್ಕರು. ನಾನು ಬೆರಳು ಮಡಚುತ್ತ “ಒಂದು” ಎಂದೆ. ಅವರು “ಎರಡು, ಮೂರು, ನಾಲ್ಕು” ಎಂದು ನಿಲ್ಲದೆ ಎಣಿಸಿಕೊಂಡು ಹೋದರು. ಸೋಬಾನೆಯ ಒಂದು ಸಾಲು ಹಾಡಿದೆ. ಮುಂದಿನ ಸಾಲನ್ನು ಅವರೇ ಹಾಡಿಬಿಟ್ಟರು. ಮಗನ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು.

ಅವನಿಗೆ ವಿವರಿಸಿದೆ. “ನೋಡಪ್ಪ, ತಾನಾಗಿ ಬರೋ ಮಾತು ಬೇರೆ, ಬೇಕು ಅಂತ ತರೋ ಮಾತು ಬೇರೆ. ಬೈಗುಳ, ಹಾಡು, ಎಣಿಕೆ, ಇವು ಅಭ್ಯಾಸದ ಜಾಡಿನಲ್ಲಿ ತಾವಾಗಿ ಹರಿದು ಬರ್ತವೆ. ‘ಈಗ ಹೇಳು’ ಅಂತ ನಿಂತು ಕೇಳಿದ ತಕ್ಷಣ ಆ ಜಾಡು ಮುಚ್ಚಿಕೊಳ್ಳುತ್ತೆ.”

ಅವನು ಲೋಟವನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದ. ಆಮೇಲೆ ಮೆಲ್ಲಗೆ ಕೇಳಿದ. “ಮೇಡಮ್ಮ, ಕೈಗೂ ಹಂಗಾಯ್ತದಾ?”

“ಯಾಕಪ್ಪ, ಯಾರ ಕೈಗೆ?”

“ಸುಮ್ಕೆ ಕೇಳ್ದೆ” ಎಂದು ತಾಯಿಯನ್ನು ಎಬ್ಬಿಸಿಕೊಂಡು ಹೋದ.

ಮುಂದಿನ ಗುರುವಾರ ತಾಯಿಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಒಬ್ಬನೇ ಒಳಗೆ ಬಂದ. “ನಾನು ಗಾಲ್ಫ್ ಆಡ್ತಿದ್ದೆ ಮೇಡಮ್ಮ” ಎಂದ. ನನಗೆ ನಂಬಿಕೆಯಾಗಲಿಲ್ಲ. ಅದು ಮುಖದಲ್ಲಿ ಕಂಡಿರಬೇಕು. ಅವನು ಫೋನ್ ತೆಗೆದು ಒಂದು ಚಿತ್ರ ತೋರಿಸಿದ. ಬಿಳಿ ಟೋಪಿ ಹಾಕಿಕೊಂಡು ದೊಡ್ಡ ಕಪ್ ಎತ್ತಿ ಹಿಡಿದಿದ್ದವನು ಇವನೇ.

ಕಥೆ ಹೀಗಿತ್ತು. ಓಬಳೇಶ ಚಿಕ್ಕವನಿದ್ದಾಗ ತಂದೆ ತಾಯಿ ಕೂಲಿಗೆಂದು ಬೆಂಗಳೂರಿಗೆ ಹೋದರು. ಸಿಕ್ಕ ಕೆಲಸ ಒಂದು ಗಾಲ್ಫ್ ಮೈದಾನದ ಹುಲ್ಲು ನೋಡಿಕೊಳ್ಳುವುದು. ಮಾರಕ್ಕ ವರ್ಷಗಟ್ಟಲೆ ಅಲ್ಲಿ ಕುಕ್ಕರಗಾಲಲ್ಲಿ ಕೂತು ಕಳೆ ಕಿತ್ತಿದ್ದರು. ಮಗ ಆಟಗಾರರ ಚೀಲ ಹೊರುವ ಕ್ಯಾಡಿಯಾದ. ಬಿಡುವಿನಲ್ಲಿ ಮುರಿದ ಕೋಲು ಹಿಡಿದು ಆಡುತ್ತ ಆಡುತ್ತ ಕ್ಯಾಡಿಗಳ ಪಂದ್ಯ ಗೆದ್ದ, ಮುಂದೆ ವೃತ್ತಿಪರ ಆಟಗಾರನಾದ, ದೇಶದ ದೊಡ್ಡ ಟೂರ್ನಿಯೊಂದರಲ್ಲಿ ಚಾಂಪಿಯನ್ ಆದ.

ಗಾಲ್ಫ್‌ನಲ್ಲಿ ಚೆಂಡನ್ನು ದೂರ ಹೊಡೆಯುವುದು ಒಂದು ಭಾಗ. ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಮೇಲೆ, ಅದನ್ನು ಗ್ರೀನ್ ಎನ್ನುತ್ತಾರೆ, ಚೆಂಡನ್ನು ಮೆಲ್ಲಗೆ ಉರುಳಿಸಿ ಕುಳಿಗೆ ಬೀಳಿಸುವುದು ಇನ್ನೊಂದು. ಇದಕ್ಕೆ ಪಟ್ ಎಂದು ಹೆಸರು. ಮೂರಡಿಯ ಪಟ್ ಅಂದರೆ ಅನುಭವಿಗೆ ನೀರು ಕುಡಿದಷ್ಟು ಸುಲಭ. ಕಪ್ ಗೆದ್ದ ಕೆಲ ವರ್ಷಗಳ ನಂತರ ಒಂದು ಪಂದ್ಯದ ಕೊನೆಯಲ್ಲಿ ಅಂಥದೇ ಒಂದು ಮೂರಡಿ ಬಾಕಿ ಇದ್ದಾಗ ಓಬಳೇಶನ ಬಲಗೈ ತಾನಾಗಿ ಎಗರಿತು. ಚೆಂಡು ಕುಳಿ ದಾಟಿ ಎಲ್ಲಿಗೋ ಹೋಯಿತು.

“ಒಂದ್ಸಲ ಆಗಿದ್ರೆ ಮರ್ತ್ಬುಡ್ತಿದ್ದೆ” ಎಂದ ಅವನು. “ಮುಂದಿನ ಸಲ ನಿಂತಾಗ ಕೈ ಎಗರ್ತದೇನೋ ಅನ್ನಿಸ್ತು. ಎಗರೇಬುಡ್ತು. ಆಮೇಲೆ ದೂರದಿಂದ ಗ್ರೀನ್ ಕಂಡ್ರೇನೇ ಎದೆ ಹೊಡ್ಕೊಳ್ಳೋದು. ಭುಜ ನೋವು ಅಂತ ಸುಳ್ಳು ಹೇಳಿ ಆಟ ಬಿಟ್ಬುಟ್ಟೆ. ನಮ್ಮಮ್ಮಂಗೂ ಅದೇ ಹೇಳೀನಿ.”

ಆಟಗಾರರು ಇದಕ್ಕೆ ಯಿಪ್ಸ್ ಎನ್ನುತ್ತಾರಂತೆ. ನನಗೆ ಆ ಪದ ಅಂದೇ ಗೊತ್ತಾದದ್ದು. ಆದರೆ ಅವನು ಹೇಳುತ್ತಿದ್ದ ಸಂಕಟ ಹೊಸದಲ್ಲ. ತೊದಲುವವರು ಮೂವತ್ತು ವರ್ಷದಿಂದ ನನ್ನೆದುರು ಕೂತು ಇದನ್ನೇ ಹೇಳಿದ್ದರು. ‘ಕ’ ಅಕ್ಷರ ಬಾಯಲ್ಲಿ ಸಿಕ್ಕಿಕೊಳ್ಳುತ್ತದೆಂದು ಹೆದರಿ, ಕಾಫಿ ಇಷ್ಟವಾದರೂ ಹೋಟೆಲಿನಲ್ಲಿ ಸದಾ ಟೀ ಕೇಳುತ್ತಿದ್ದ ಗುಮಾಸ್ತರೊಬ್ಬರಿದ್ದರು. ತೊದಲಿಗಿಂತ, ಅದನ್ನು ಮುಚ್ಚಿಡುವ ಶ್ರಮವೇ ಮನುಷ್ಯನನ್ನು ಹೆಚ್ಚು ತಿನ್ನುತ್ತದೆ.

ಓಬಳೇಶ ಈ ವಿಷಯ ಎತ್ತಲು ಕಾರಣವಿತ್ತು. ಹಳೆಯ ಚಾಂಪಿಯನ್ ಎಂಬ ನೆಲೆಯಲ್ಲಿ ಆ ದೊಡ್ಡ ಟೂರ್ನಿಗೆ ಅವನಿಗೆ ನೇರ ಪ್ರವೇಶವಿತ್ತು. ಆ ಅವಕಾಶದ ಅವಧಿ ಅದೇ ವರ್ಷಕ್ಕೆ ಮುಗಿಯುತ್ತಿತ್ತು. ಆಮೇಲೆ ಬೇಕೆಂದರೆ ಅರ್ಹತಾ ಪಂದ್ಯ ಆಡಿಯೇ ಒಳಗೆ ಬರಬೇಕು. ಟೂರ್ನಿಗೆ ನಾಲ್ಕೈದು ತಿಂಗಳಿತ್ತು.

ಮೊದಲು ನರರೋಗ ತಜ್ಞರ ಬಳಿ ಕಳಿಸಿದೆ. ಕೈ ಎಗರುವುದಕ್ಕೆ ನರದ ಕಾಯಿಲೆಯೂ ಕಾರಣವಿರಬಹುದು. ಅದನ್ನು ಪರೀಕ್ಷಿಸದೆ ಮುಂದೆ ಹೋಗುವುದು ತಪ್ಪು. ಅಂಥದೇನೂ ಇಲ್ಲವೆಂದು ವರದಿ ಬಂದ ಮೇಲೆ ಅವನಿಗೆ ಸ್ಪಷ್ಟವಾಗಿ ಹೇಳಿದೆ. “ನನಗೆ ಗಾಲ್ಫ್ ಗೊತ್ತಿಲ್ಲಪ್ಪ. ಗೊತ್ತಿರೋದು ತೊದಲು. ತೊದಲೋರಿಗೆ ಮಾಡಿಸೋದನ್ನೇ ನಿನಗೂ ಹೇಳ್ತೀನಿ. ಫಲ ಸಿಗುತ್ತೆ ಅಂತ ಮಾತು ಕೊಡಲಾರೆ.”

ನಮ್ಮಲ್ಲಿ ಒಂದು ಪಾಠವಿದೆ. ತೊದಲನ್ನು ತಡೆಯಲು ಹೆಣಗುವವನಿಗೆ, ಜನರ ಎದುರು ಬೇಕೆಂದೇ ತೊದಲು ಎನ್ನುತ್ತೇವೆ. ತಾನೇ ಕರೆದು ತಂದದ್ದರ ಹೆದರಿಕೆ ನಿಧಾನಕ್ಕೆ ಕಡಿಮೆಯಾಗುತ್ತದೆ. ಓಬಳೇಶನಿಗೂ ಹಾಗೇ ಹೇಳಿದೆ. ಕೈಯನ್ನು ಬೇಕೆಂದೇ ಎಗರಿಸು. ಒಬ್ಬನೇ ಅಲ್ಲ, ನಾಲ್ಕು ಜನ ನೋಡುವಾಗ. ಭುಜದ ಸುಳ್ಳನ್ನು ಬಿಡು.

ಅವನ ಮುಖ ಕೆಂಪಾಯಿತು. “ಏನ್ ಮೇಡಮ್ಮ, ಯಾವುದು ಬ್ಯಾಡ ಅಂತ ಬೆಂಗಳೂರು ಬಿಟ್ಟು ಬಂದ್ನೋ ಅದನ್ನೇ ಬೇಕಂತ ಮಾಡು ಅಂತೀರಲ್ಲ! ನಗೆಪಾಟಲು ಆಗಾದು ನಾನಲ್ವಾ?” ಎಂದು ಎದ್ದು ಹೋದ. ಆಮೇಲೆ ಕೆಲವು ವಾರ ಮಾರಕ್ಕನನ್ನು ಪಕ್ಕದ ಮನೆಯ ಹೆಂಗಸು ಕರೆತಂದಳು. ಅವನನ್ನು ಕಳೆದುಕೊಂಡೆ ಎಂದೇ ಭಾವಿಸಿದ್ದೆ.

ಒಂದು ಗುರುವಾರ ಅವನೇ ಮೆಟ್ಟಿಲು ಹತ್ತಿ ಬಂದ. “ಅಮ್ಮಂಗೆ ನಿಜ ಹೇಳ್ಬುಟ್ಟೆ” ಎಂದ. “ಏನಂದರು?” ಎಂದು ಕೇಳಿದೆ. “ಅವಳೇನಂತಾಳೆ, ಮಾತಿಲ್ಲವಲ್ಲ. ನನ್ನ ಕೈ ಹಿಡ್ಕೊಂಡು ತನ್ನ ಸೋತ ಕೈ ಮೇಲಿಟ್ಕೊಂಡ್ಲು.” ಅಷ್ಟು ಹೇಳಿ ಕಿಟಕಿಯ ಕಡೆ ತಿರುಗಿದ.

ಸೆಟ್ಟೂರಿನ ಬಳಿ ಅವನ ಸೋದರಮಾವನ ಹೊಲವಿತ್ತು. ಬೋರ್‌ವೆಲ್ಲಿನ ಪಕ್ಕ ಒಂದು ಕೋಣೆಯಷ್ಟು ಜಾಗ ಹಸನು ಮಾಡಿ, ಗರಿಕೆ ನೆಟ್ಟು, ನೀರು ಕಟ್ಟಿ, ಉರುಳೆಯ ಹಾಗೆ ಒಂದು ಪೈಪಿಗೆ ಕಾಂಕ್ರೀಟ್ ತುಂಬಿ ನೆಲದ ಮೇಲೆ ಎಳೆದು ಸಮ ಮಾಡಿ, ಓಬಳೇಶ ಒಂದು ಗ್ರೀನ್ ಮಾಡಿದ್ದ. ನಡುವೆ ಕುಳಿ. ಮಾರಕ್ಕ ಮನೆಯಲ್ಲಿ ಮಾಡುವ ಅಭ್ಯಾಸ ನೋಡುವ ನೆಪದಲ್ಲಿ ನಾನೂ ಒಂದು ಸಂಜೆ ಅಲ್ಲಿಗೆ ಹೋದೆ.

ಕುರಿ ಹೊಡೆದುಕೊಂಡು ಹೋಗುತ್ತಿದ್ದ ಇಬ್ಬರು, ಪಕ್ಕದ ಹೊಲದ ಹೆಂಗಸರು ಬದುವಿನ ಮೇಲೆ ನಿಂತಿದ್ದರು. ಓಬಳೇಶ ಕೋಲು ಹಿಡಿದು ನಿಂತು ಬೇಕೆಂದೇ ಕೈ ಎಗರಿಸಿದ. ಚೆಂಡು ಮೆಣಸಿನ ಗಿಡಗಳೊಳಗೆ ಹೋಯಿತು. “ಏಂದಪ್ಪಾ ಇದಿ!” ಇದೇನಪ್ಪಾ ಇದು ಎಂದು ಒಬ್ಬ ತೆಲುಗಿನಲ್ಲಿ ನಕ್ಕ. ಇನ್ನೊಬ್ಬ, “ಏನ್ಲಾ ಓಬಳೇಶ, ಇಷ್ಟು ಹತ್ರದಿಂದ ನಮ್ಮ ಮೊಮ್ಮಗನೂ ಕುಳಿಗೆ ಬೀಳಿಸ್ತಾನೆ ಕಣ್ಲಾ” ಎಂದ.

ಓಬಳೇಶ ಅವರತ್ತ ತಿರುಗಿದ. ಕೋಲು ಎಸೆದು ಹೋಗುತ್ತಾನೆ ಎಂದುಕೊಂಡೆ. ಅವನು ನಿಂತ. “ನಂಗೆ ಕೈ ಎಗರ್ತದೆ ಕಣಣ್ಣ” ಎಂದ. “ಅದಕ್ಕೇ ಆಟ ಬಿಟ್ಟಿದ್ದು. ಭುಜ ನೋವು ಅಂತ ಎಲ್ರಿಗೂ ಹೇಳಿದ್ದೆ. ಸುಳ್ಳು.”

ಬದುವಿನ ಮೇಲಿನ ನಗು ನಿಂತಿತು. ನಕ್ಕವನೇ ಮೆಣಸಿನ ಸಾಲಿಗಿಳಿದು ಚೆಂಡು ಹುಡುಕಿ ತಂದುಕೊಟ್ಟ. “ಆಡಪ್ಪ, ಆಡು. ನಾವೇನು ಅಂದ್ಕಳಾಕಿಲ್ಲ” ಎಂದ.

ಮಾರಕ್ಕ ಗ್ರೀನಿನ ಅಂಚಿನಲ್ಲಿ ಕೂತು ಎಡಗೈಯಲ್ಲಿ ಕಳೆ ಕೀಳುತ್ತಿದ್ದರು. ಹಳೆಯ ಕೆಲಸ ಕೈಗೆ ನೆನಪಿತ್ತು. ಒಂದು ಎಳೆ ಹುಲ್ಲನ್ನು ಹಿಡಿದು ನನ್ನತ್ತ ಚಾಚಿ ಏನೋ ಹೇಳಲು ಹೊರಟರು. ತುಟಿ ನಡುಗಿತು. ಓಬಳೇಶ ಎಂದಿನಂತೆ ಪದ ಒದಗಿಸಲು ಬಾಯಿ ತೆರೆದವನು, ಏನನ್ನಿಸಿತೋ, ಮುಚ್ಚಿಕೊಂಡ. ಬೋರಿನ ನೀರು ಕಾಲುವೆಯಲ್ಲಿ ಬೀಳುವ ಸದ್ದು ಮಾತ್ರ. ಮಾರಕ್ಕ ಕಣ್ಣು ಮುಚ್ಚಿದರು.

“ಗ… ಗರಿ… ಗರಿಕೆ.”

ಬೈಗುಳವಲ್ಲ, ಹಾಡಲ್ಲ, ಎಣಿಕೆಯಲ್ಲ. ಬೇಕೆಂದು ತಂದ ಪದ. ಮಗ ಅಲ್ಲೇ ಕೂತು ಅವರ ಮಡಿಲಿಗೆ ತಲೆಯಿಟ್ಟ. ನನಗೂ ಕಣ್ಣು ತುಂಬಿತು. ವೃತ್ತಿಯಲ್ಲಿ ಅಂಥ ಸಂಜೆಗಳು ಹೆಚ್ಚು ಸಿಗುವುದಿಲ್ಲ.

ಅಲ್ಲಿಂದ ಅವನ ಅಭ್ಯಾಸ ಬಿಗಿಯಾಯಿತು. ಬೆಳಗ್ಗೆ ಟೊಮೆಟೊ ಇಳಿಸಿ ಬಂದು ಸಂಜೆಯವರೆಗೂ ಆಡುತ್ತಿದ್ದ. ಸಾಮಾನ್ಯವಾಗಿ ಕೋಲಿನ ಮೇಲೆ ಬಲಗೈ ಕೆಳಗಿರುತ್ತದೆ. ಅವನು ಎಡಗೈ ಕೆಳಗಿಟ್ಟು ಹೊಸದಾಗಿ ಹಿಡಿಯುವುದನ್ನು ಕಲಿತ. ಬೆಂಗಳೂರಿನ ಅವನ ಹಳೆಯ ಕೋಚ್ ಫೋನಿನಲ್ಲೇ ಅದನ್ನು ತಿದ್ದಿದರು. ಹೊಡೆಯುವ ಮುಂಚೆ ತಾಯಿಯ ಸೋಬಾನೆಯ ಸಾಲೊಂದನ್ನು ಬಾಯೊಳಗೇ ಗುನುಗುವುದು ಅವನದೇ ಉಪಾಯ. ಕೈ ಎಗರುವುದು ನಿಲ್ಲಲಿಲ್ಲ, ಕಡಿಮೆಯಾಯಿತು.

ಟೂರ್ನಿ ಬೆಂಗಳೂರಿನಲ್ಲಿತ್ತು. ಎರಡನೆಯ ದಿನ ನಾನು ಮಾರಕ್ಕನನ್ನು ಕಾರಿನಲ್ಲಿ ಕರೆದುಕೊಂಡು ಹೋದೆ. ರಾಜ್ಯದ ಗಡಿಯ ಬಳಿ ಕೊಡಿಕೊಂಡದ ಚೆಕ್‌ಪೋಸ್ಟಿನಲ್ಲಿ ಲಾರಿಗಳ ಸಾಲಿನ ಹಿಂದೆ ಸಿಕ್ಕಿಕೊಂಡು ತಡವಾಯಿತು. ನಾವು ತಲುಪಿದಾಗ ಅರ್ಧ ಆಟ ಮುಗಿದಿತ್ತು. ನಾಲ್ಕು ದಿನದ ಪಂದ್ಯದಲ್ಲಿ ಎರಡು ದಿನವಾದ ಮೇಲೆ ಹಿಂದುಳಿದವರನ್ನು ಮನೆಗೆ ಕಳಿಸುತ್ತಾರೆ. ಅದನ್ನು ಕಟ್ ಎನ್ನುತ್ತಾರೆ. ಓಬಳೇಶ ಆ ಗೆರೆಯ ಮೇಲೇ ನಿಂತಿದ್ದ.

ನಮ್ಮ ಕಣ್ಣೆದುರೇ ಒಂದು ಗ್ರೀನಿನಲ್ಲಿ ಅವನ ಕೈ ಎಗರಿತು. ಚೆಂಡು ದಾಟಿ ಹೋಯಿತು. ಜೊತೆಗಾರ, ಒಬ್ಬ ಚಿಕ್ಕ ವಯಸ್ಸಿನ ಆಟಗಾರ, ಮುಜುಗರದಿಂದ ಮುಖ ತಿರುಗಿಸಿದ. ಓಬಳೇಶ ಅವನನ್ನು ಕರೆದು, “ನನ್ನ ಕೈ ಹಿಂಗೇ ಎಗರ್ತದೆ ಕಣಪ್ಪ, ಇನ್ನೂ ಎಗರಬೋದು. ನೀನು ನೋಡಿದ್ರೆ ನಂಗೇನೂ ಬೇಜಾರಿಲ್ಲ” ಎಂದ. ಆ ಹುಡುಗ ನಕ್ಕುಬಿಟ್ಟ. ಓಬಳೇಶನೂ ನಕ್ಕ.

ಕೊನೆಯ ಕುಳಿಯಲ್ಲಿ ಮೂರಡಿಗಿಂತ ತುಸು ಹೆಚ್ಚು ದೂರ ಉಳಿಯಿತು. ಬಿದ್ದರೆ ಕಟ್ ದಾಟುತ್ತಾನೆ, ತಪ್ಪಿದರೆ ಮನೆಗೆ. ಅವನ ತುಟಿ ಅಲುಗುತ್ತಿದ್ದುದು ದೂರದಿಂದಲೂ ಕಂಡಿತು. ಕೈ ಸರಾಗವಾಗಿ ಹೋಯಿತು. ಚೆಂಡು ಕುಳಿಗೆ ಬಿತ್ತು.

ಅವನು ಟೂರ್ನಿ ಗೆಲ್ಲಲಿಲ್ಲ. ಉಳಿದ ಎರಡು ದಿನ ಆಡಿ ಮಧ್ಯದ ಸ್ಥಾನದಲ್ಲಿ ಮುಗಿಸಿದ. ಆದರೆ ಅದಾದ ಮೇಲೆ ಆಟ ಬಿಡಲಿಲ್ಲ. ಅರ್ಹತಾ ಪಂದ್ಯಗಳಲ್ಲಿ ಎಲ್ಲರಂತೆ ಸಾಲಿನಲ್ಲಿ ನಿಂತು ಮತ್ತೆ ಒಳಗೆ ಬಂದ. ಕೆಲವೊಮ್ಮೆ ಚೆನ್ನಾಗಿ ಆಡುತ್ತಾನೆ, ಕೆಲವೊಮ್ಮೆ ಬೇಗ ಮನೆಗೆ ಬರುತ್ತಾನೆ. ಕೈ ಈಗಲೂ ಒಮ್ಮೊಮ್ಮೆ ಎಗರುತ್ತದಂತೆ. “ಬಂದ್ರೆ ಬರ್ಲಿ ಮೇಡಮ್ಮ, ನೆಂಟನ ಥರ. ಬಂದೋನು ಹೋಯ್ತಾನೆ” ಎನ್ನುತ್ತಾನೆ. ನನ್ನ ಕೋರಿಕೆಯ ಮೇಲೆ ಹಿಂದೂಪುರಕ್ಕೆ ಬಂದು ತೊದಲುವವರ ಗುಂಪಿನಲ್ಲಿ ಮಾತಾಡಿ ಹೋಗಿದ್ದಾನೆ. ನಾನು ವರ್ಷಗಟ್ಟಲೆ ಹೇಳಿದ್ದನ್ನು ಅವನ ಬಾಯಲ್ಲಿ ಕೇಳಿದಾಗ ಅವರ ಮುಖಗಳು ಅರಳಿದ್ದನ್ನು ಕಂಡು ಮನಸ್ಸಿನಲ್ಲೇ ಕೈಮುಗಿದೆ.

ಈಗ ನಾನು ನಿವೃತ್ತಳು. ಈ ಕೆಲಸ ಏನು ಕಲಿಸಿತು ಎಂದು ಯಾರಾದರೂ ಕೇಳಿದರೆ, ಕಾಯುವುದನ್ನು ಎನ್ನುತ್ತೇನೆ. ಎದುರಿನವರು ತಡವರಿಸುವಾಗ ಅವರ ಪದವನ್ನು ನಾವೇ ಆಡಿಬಿಡುವುದು ಸಹಾಯದಂತೆ ಕಾಣುತ್ತದೆ. ಆದರೆ ಆ ಪದ ಅವರದು. ಅವರೇ ತರುವ ತನಕ ಕಾಯುವುದೇ ನಾವು ಕೊಡಬಹುದಾದ ಗೌರವ. ಪುಸ್ತಕದಲ್ಲಿ ಓದಿದ್ದ ಈ ಪಾಠ ನಿಜವಾಗಿ ಅರ್ಥವಾದದ್ದು ಆ ತಾಯಿ ಮಗನಿಂದ. ಅವರಿಗೆ ನಾನು ಋಣಿ.

ಹೋದ ತಿಂಗಳು ಓಬಳೇಶ ಫೋನ್ ಮಾಡಿ, “ಅಮ್ಮ ಮಾತಾಡ್ತಾಳಂತೆ” ಎಂದು ಫೋನನ್ನು ಅವರ ಕೈಗೆ ಕೊಟ್ಟ. ಉಸಿರಾಟದ ಸದ್ದು ಮಾತ್ರ ಕೇಳುತ್ತಿತ್ತು. ಎಷ್ಟೋ ಹೊತ್ತು ಏನೂ ಬರಲಿಲ್ಲ. ನಾನೂ ಏನೂ ಕೇಳಲಿಲ್ಲ, ಮಗನೂ ಹೇಳಿಕೊಡಲಿಲ್ಲ. ಕೊನೆಗೆ ಆ ಕಡೆಯಿಂದ ನಿಧಾನಕ್ಕೆ, ಒಂದೊಂದೇ ಪದವಾಗಿ ಬಂತು.

“ಮೇಡಮ್ಮ… ಉಂಡ್ಯಾ?”

“ಉಂಡೆ ಮಾರಕ್ಕ” ಎಂದೆ. ಇನ್ನೂ ಉಂಡಿರಲಿಲ್ಲ. ಆದರೂ ಹೊಟ್ಟೆ ತುಂಬಿತ್ತು.