ಇಲ್ಪೊ ಕಾರ್ನಾನ ಸೊನ್ನೆ

ನಮ್ಮ ಹೌಕಿಮಾಕಿ ಊರಿನ ಐಸ್ ಹಾಕಿ ತಂಡದ ಗೋಲ್‌ಕೀಪರ್ ಇಲ್ಪೊ ಕಾರ್ನಾ ಹದಿನೇಳು ಚಳಿಗಾಲ ಸಂಬಳ ತೆಗೆದುಕೊಂಡು ಹೆದರಿದ ಮನುಷ್ಯ. ನಾವೆಲ್ಲ ಪುಕ್ಕಟೆಯಾಗಿ ಹೆದರುತ್ತೇವೆ. ಅವನಿಗೆ ಅದೇ ಉದ್ಯೋಗ. ಪಂದ್ಯದ ದಿನ ಅವನ ಬೆಳಗಿನ ಗಂಜಿ ನಾಯಿಯ ಪಾಲಾಗುತ್ತಿತ್ತು. ಹೆಂಡತಿ ಹಿಲ್ಕ ಅಂದು ಅವನನ್ನು ಮಾತಾಡಿಸುತ್ತಲೇ ಇರಲಿಲ್ಲ. ಮನೆಗೆ ಬೆಂಕಿ ಬಿದ್ದರೂ ಪಂದ್ಯ ಮುಗಿದ ಮೇಲೆ ತಿಳಿಸಿದರಾಯಿತು ಎನ್ನುವಷ್ಟು ಅವಳಿಗೆ ಅಭ್ಯಾಸವಾಗಿತ್ತು.

ಅವನು ಈ ಕೆಲಸಕ್ಕೆ ಬಿದ್ದದ್ದು ಪ್ರತಿಭೆಯಿಂದೇನಲ್ಲ. ಹೆಪ್ಪುಗಟ್ಟಿದ ಕೆರೆಯ ಮೇಲೆ ಹುಡುಗರು ಆಡುವಾಗ ನೆಟ್ಟಗೆ ಸ್ಕೇಟು ಮಾಡಲು ಬಾರದ ತಮ್ಮನನ್ನು ಅಣ್ಣ ಗೋಲಿನಲ್ಲಿ ನಿಲ್ಲಿಸಿ, "ಅಲ್ಲೇ ನಿಂತಿರೋ, ನಿನ್ ಕೈಲಾಗೋದು ಅದೊಂದೇ" ಎಂದಿದ್ದ. ಇಲ್ಪೊ ನಿಂತ. ಎಷ್ಟು ಚೆನ್ನಾಗಿ ನಿಂತನೆಂದರೆ ದಕ್ಷಿಣದ ದೊಡ್ಡ ತಂಡವೊಂದು ಅವನನ್ನು ಕರೆಸಿಕೊಂಡಿತು. ಅಲ್ಲಿ ಎರಡನೇ ಗೋಲ್‌ಕೀಪರ್ ಆಗಿ ಅವನು ಮಾಡಿದ್ದು ಆಟಗಾರರ ಬೆಂಚಿನ ಮುಂದಿರುವ ಬೇಲಿಯ ಬಾಗಿಲು ತೆಗೆಯುವ, ಹಾಕುವ ಕೆಲಸ. ವೃತ್ತಿಜೀವನದಲ್ಲಿ ಅವನಿಗಾದ ಅತಿ ದೊಡ್ಡ ಗಾಯವೂ ಆ ಬಾಗಿಲಿಗೆ ಬೆರಳು ಸಿಕ್ಕಿ ಆದದ್ದೇ. ಊರಿಗೆ ವಾಪಸಾದ ಮೇಲೆ ಎರಡನೇ ದರ್ಜೆಯ ನಮ್ಮ ತಂಡದ ಗೋಲನ್ನು ಅವನೇ ಕಾದ.

ಅವನಿಗೆ ದಕ್ಕದೇ ಉಳಿದದ್ದು ಒಂದೇ: ಸೊನ್ನೆ. ಎದುರಾಳಿಗೆ ಒಂದು ಗೋಲನ್ನೂ ಕೊಡದೆ ಮುಗಿಸಿದ ಪಂದ್ಯಕ್ಕೆ ಗೋಲ್‌ಕೀಪರುಗಳು ಹಾಗೆನ್ನುತ್ತಾರೆ. ಬೇರೆಯವರಿಗೆ ಅದು ವರ್ಷಕ್ಕೆ ಮೂರು ನಾಲ್ಕು ಸಲ ಸಿಗುತ್ತದೆ. ಇಲ್ಪೊಗೆ ಮಾತ್ರ ಪ್ರತಿ ಪಂದ್ಯದಲ್ಲೂ ಯಾರದೋ ಮೊಣಕಾಲಿಗೋ ಬೆನ್ನಿಗೋ ತಗುಲಿ ಒಂದಾದರೂ ಒಳಗೆ ಹೋಗೇ ಹೋಗುತ್ತಿತ್ತು.

ಸೊನ್ನೆ ಕೈಗೆ ಬರುವಂತಿರುವಾಗ ಯಾರೂ ಆ ಪದವನ್ನು ಬಾಯಿಗೆ ತರಬಾರದು, ತಂದರೆ ಹೋಯಿತು. ಇದು ಎಲ್ಲ ಕಡೆಯ ಕಟ್ಟಳೆ. ಆದರೆ ಸಾವೊ ಸೀಮೆಯ ನಮ್ಮಂಥವರಿಗೆ ಸುಮ್ಮನಿರುವುದೆಂದರೆ ಹಲ್ಲು ಕೀಳಿಸಿಕೊಂಡಂತೆ. ನಾವು ವಾಚಾಳಿಗಳು. ಹಾಗೆಂದು ನೇರವಾಗಿ ಮಾತಾಡಿಯೂ ಗೊತ್ತಿಲ್ಲ. ಟೋಪಿಯಿಂದ ನೀರು ಸೋರುತ್ತಿರುವವನನ್ನು ಹೊರಗೆ ಮಳೆಯಾ ಎಂದು ಕೇಳಿದರೂ "ಬರ್ತಿದ್ರೂ ಬರ್ತಿರಬಹುದು" ಎನ್ನುತ್ತಾನೆ.

ಆ ಮಾರ್ಚಿನಲ್ಲಿ ಕ್ಲಬ್ಬಿನ ಅಧ್ಯಕ್ಷ ಪೊಹ್ಯೋನೆನ್ ಇಲ್ಪೊನನ್ನು ಕರೆಸಿದ. ಟೈರ್ ಅಂಗಡಿಯ ಈ ಮಾಲೀಕನಿಗೆ ದೇಶದ ಹಾಕಿಯೆಲ್ಲ ತನ್ನ ಗಾಲಿಗಳ ಮೇಲೆಯೇ ಓಡುತ್ತಿದೆ ಎಂಬ ನಂಬಿಕೆ. "ಮುಂದಿನ ವರ್ಷ ಚಿಕ್ಕ ವಯಸ್ಸಿನೋನನ್ನ ನೋಡಿದ್ರೂ ನೋಡಬಹುದು, ಇಲ್ದಿದ್ರೂ ಇಲ್ಲ" ಎಂದ. ಇಲ್ಪೊಗೆ ಅರ್ಥವಾಯಿತು. ಮನೆಗೆ ಹೋಗಿ ಹಿಲ್ಕಳಿಗೆ, "ಶನಿವಾರದ್ದೇ ಕೊನೇ ಪಂದ್ಯ" ಎಂದ. ಅದು ಬಿಟ್ಟರೆ ಅವನಿಗೆ ಸೊನ್ನೆಗೆ ಇನ್ನೊಂದು ಅವಕಾಶ ಇರಲಿಲ್ಲ.

ಶನಿವಾರ, ಮೂರು ಪಾಳಿಯ ಪಂದ್ಯದಲ್ಲಿ ಎರಡು ಮುಗಿದಾಗ ನಮ್ಮದು ಎರಡು, ಎದುರಾಳಿಯದು ಏನೂ ಇಲ್ಲ.

ವಿರಾಮದಲ್ಲಿ ಯಾರೂ ಇಲ್ಪೊನ ಹತ್ತಿರ ಸುಳಿಯಲಿಲ್ಲ. ಕ್ಯಾಪ್ಟನ್ ತುರೂನೆನ್ ಅಂತೂ ಅವನ ಕಣ್ಣು ತಪ್ಪಿಸಲು ಗೋಡೆಗೆ ಮುಖ ಮಾಡಿ ಕೂತು, ಕಟ್ಟಿದ್ದ ಲೇಸನ್ನೇ ಬಿಚ್ಚಿ ಬಿಚ್ಚಿ ಕಟ್ಟುತ್ತಿದ್ದ. ಆಗ ಕ್ಯಾಂಟೀನಿನ ಐಲಿ ಎಂದಿನಂತೆ ಕಾಫಿ ಮತ್ತು ರಿಂಕೆಲಿಗಳ ತಟ್ಟೆ ತಂದಿಟ್ಟಳು. ರಿಂಕೆಲಿ ಎಂದರೆ ನಡುವೆ ತೂತಿರುವ ಸೊನ್ನೆಯಾಕಾರದ ಬನ್ನು. ಅಂದು ಒಂದಕ್ಕೂ ತೂತಿರಲಿಲ್ಲ. ಅಷ್ಟನ್ನೂ ಎರಡೆರಡು ತುಂಡು ಮಾಡಿದ್ದಳು.

ಇಲ್ಪೊ ತಟ್ಟೆಯನ್ನೇ ನೋಡಿದ.

"ಇದ್ಯಾಕೆ ಐಲಿ, ಮುರಿದಿದೀಯಾ?"

"ಮುರಿದ್ರೂ ಮುರಿದಿರಬಹುದು. ಒಲೇಲಿ ಹಂಗೇ ಆಗಿದ್ರೂ ಆಗಿರಬಹುದು."

"ಅಷ್ಟೂನಾ?"

"ಹೊರಗಡೆ ಜನಕ್ಕೆ ಮಾರಿದ್ದೂ ಅರ್ಧರ್ಧಾನೇ ಕಣಪ್ಪ. ಯಾರೂ ಜಗಳ ಆಡ್ಲಿಲ್ಲ" ಎಂದವಳೇ ನಾಲಿಗೆ ಕಚ್ಚಿಕೊಂಡು ಓಡಿದಳು.

ಇಲ್ಪೊ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಹಾಗಾದರೆ ಇಡೀ ಊರು ಅರ್ಧ ರಿಂಕೆಲಿ ಹಿಡಿದು ಉಸಿರು ಬಿಗಿಹಿಡಿದು ಕೂತಿದೆ! ತನ್ನೊಬ್ಬನ ಹೆದರಿಕೆಯನ್ನು ಹೊರುವುದು ಅವನಿಗೆ ರೂಢಿಯಾಗಿತ್ತು. ಊರಿನ ಹೆದರಿಕೆಯನ್ನು ಹೊತ್ತು ಗೊತ್ತಿರಲಿಲ್ಲ. ಆ ಮೌನವನ್ನು ಇನ್ನೊಂದು ಗಳಿಗೆ ತಡೆಯಲಾರೆ ಎನಿಸಿ ಎದ್ದು ನಿಂತು, ಗಟ್ಟಿಯಾಗಿ ಹೇಳಿಬಿಟ್ಟ:

"ಸೊನ್ನೆ! ಸೊನ್ನೆ, ಸೊನ್ನೆ! ಆಯ್ತಾ? ಈಗಲಾದ್ರೂ ಮನುಷ್ಯರ ಥರ ಇರ್ರೋ!"

ತುರೂನೆನ್‌ನ ಕೈಯಿಂದ ಸ್ಕೇಟಿನ ಲೇಸು ಜಾರಿತು. ಆಮೇಲೆ ಒಡ್ಡು ಒಡೆಯಿತು.

"ಅಯ್ಯೋ, ನೀನೇ ಅಂದ್ಮೇಲೆ ಹೇಳ್ತೀನಿ ಮಾರಾಯ, ನಮ್ಮತ್ತೆ ನಿನ್ ಹೆಸರಲ್ಲಿ ಕೇಕ್ ಮಾಡಿಟ್ಟಿದಾಳೆ."

"ಪಾದ್ರಿಗಳು ಬಂದು ಕೂತಿದಾರೆ ಕಣೋ! ಹಾಕಿ ನೋಡಿದೋರೇ ಅಲ್ಲ ಅವ್ರು."

"ನಿಮ್ಮಣ್ಣ ಸ್ವೀಡನ್ನಿಂದ ಹಡಗು ಹತ್ತಿ ಬಂದವ್ನೆ. ನಿನಗೆ ಹೇಳ್ಬಾರ್ದು ಅಂತ ಹಿಲ್ಕ ಎಲ್ರ ಹತ್ರಾನೂ ಆಣೆ ಹಾಕಿಸ್ಕೊಂಡಿದಾಳೆ."

ಪೊಹ್ಯೋನೆನ್ ಬಾಗಿಲಲ್ಲಿ ತಲೆ ತೂರಿಸಿ, "ಭಾಷಣ ರೆಡಿ ಇದೆ ಇಲ್ಪೊ, ಎರಡು ಪುಟ. ಸೊನ್ನೆ ಇಲ್ದಿದ್ರೆ ಒಂದೂವರೆ ಪುಟ ದಂಡ ಆಗುತ್ತೆ ನೋಡು" ಎಂದ.

ಮೌನವೇ ದಯೆಯಾಗಿತ್ತೆಂದು ಇಲ್ಪೊಗೆ ಗೊತ್ತಾದದ್ದು ಆಗ. ಮುಖವಾಡವನ್ನು ತಲೆಕೆಳಗಾಗಿ ಹಾಕಿಕೊಳ್ಳಹೋಗಿ, ತಿರುಗಿಸಿಕೊಂಡು ಹೊರಟ.

ಮೂರನೇ ಪಾಳಿಯಲ್ಲಿ ಅವನು ಆಡಿದನೆನ್ನುವುದಕ್ಕಿಂತ ನಡುಗಿದ ಎನ್ನಬೇಕು. ಆದರೆ ನಡುಕವೂ ಕೆಲವು ಹೊಡೆತಗಳಿಗೆ ಅಡ್ಡ ಬಂತು. ಒಂದು ಭುಜಕ್ಕೆ ಬಡಿಯಿತು, ಒಂದು ಕಂಬಕ್ಕೆ. ಕೊನೆಯ ನಿಮಿಷಕ್ಕೆ ಎದುರಾಳಿಗಳು ತಮ್ಮ ಗೋಲ್‌ಕೀಪರನ್ನೂ ಕರೆಸಿಕೊಂಡು, ಅವನ ಬದಲು ಇನ್ನೊಬ್ಬ ಆಟಗಾರನನ್ನು ಇಳಿಸಿ ಮೇಲೆ ಬಿದ್ದರು. ಗೋಲಿನ ಮುಂದೆ ಕಾಲು, ಕೋಲು, ಬೈಗುಳ ಎಲ್ಲ ಒಂದಾದವು. ಆ ರಾಶಿಯಿಂದ, ಈ ಆಟದಲ್ಲಿ ಚೆಂಡಿನ ಬದಲಿರುವ ಕಪ್ಪು ರಬ್ಬರಿನ ಬಿಲ್ಲೆ ಎಲ್ಲೋ ಚಿಮ್ಮಿತು. ಇಲ್ಪೊ ಹಿಂದಕ್ಕೆ ಬಿದ್ದು ಕೂತ. ಆಟ ನಿಲ್ಲಿಸುವ ಸೀಟಿ ಮೊಳಗಿತು.

ಬಿಲ್ಲೆ ಕಾಣುತ್ತಿರಲಿಲ್ಲ. ಇಲ್ಪೊನ ತೊಡೆಯ ಕೆಳಗೆ ಮಾತ್ರ ಗಟ್ಟಿಯಾದ್ದೇನೋ ಒತ್ತುತ್ತಿತ್ತು. ಗೆರೆ ಪೂರ್ತಿ ದಾಟಿದ್ದರೆ ಗೋಲು, ಇಲ್ಲದಿದ್ದರೆ ಸೊನ್ನೆ. ತಾನು ಕೂತಿರುವವರೆಗೆ ಎರಡೂ ಅಲ್ಲ.

ತೀರ್ಪುಗಾರ ಬಂದ. ದಕ್ಷಿಣದವನು, ಒಂದು ಮಾತಿಗೆ ಒಂದೇ ಅರ್ಥವಿರುವ ಸೀಮೆಯವನು.

"ಏಳಪ್ಪ."

"ಏಳಬಹುದು."

"ಏಳು ಅಂದ್ರೆ!"

"ಅವಸರ ಏನಿದೆ? ಕೂತ್ರೂ ನಡಿಯುತ್ತೆ."

ತುರೂನೆನ್ ಬಾಗಿ ಪಿಸುಗುಟ್ಟಿದ, "ಲೋ, ಏಳೋವಾಗ ಹಂಗೇ ಸ್ವಲ್ಪ ಮುಂದಕ್ಕೆ ಜರುಗಿಬಿಡೋ. ತೊಡೆ ಮಾಡೋ ಕೆಲಸಕ್ಕೆ ಯಾರು ಸಾಕ್ಷಿ?"

ಇಲ್ಪೊ ತೊಡೆಯನ್ನು ಕೊಂಚವೇ ಎತ್ತಿ ನೋಡಿದ. ಅವನೊಬ್ಬನಿಗೇ ಕಂಡಿತು. ಕೆಂಪು ಗೆರೆಗೂ ಅದನ್ನು ದಾಟಿದ ಬಿಲ್ಲೆಗೂ ನಡುವೆ ಬೆರಳಗಲದ ಬಿಳಿ ಮಂಜು. ಮತ್ತೆ ಕೂತ. ಒಂದು ಅಂಗುಲ ಜರುಗಿದರೆ ಸಾಕಿತ್ತು. ಅದಕ್ಕೆ ನೆವವೂ ಬೇಕಿರಲಿಲ್ಲ, ಭಾರದ ಮನುಷ್ಯ ಏಳುವಾಗ ಜರುಗುವುದೇ ಸಹಜ. ಆದರೆ ಆಮೇಲೆ ಕೇಕಿನ ಮುಂದೆ, ಅಣ್ಣನ ಮುಂದೆ, ಎರಡು ಪುಟದ ಭಾಷಣದ ಮುಂದೆ, ಸಾಯುವವರೆಗೂ ಆ ಬೆರಳಗಲದ ಮೇಲೇ ಕೂತಿರಬೇಕಲ್ಲ ಎನಿಸಿತು. ಇಷ್ಟು ವರ್ಷ ಹೆದರಿದ್ದು ಸಾಲದೆ?

"ಬಿಲ್ಲೆ ಎಲ್ಲಿತ್ತು?" ತೀರ್ಪುಗಾರ ಕೇಳಿದ.

"ಒಳಗಿತ್ತು" ಎಂದ ಇಲ್ಪೊ.

ನಮ್ಮ ಸೀಮೆಯಲ್ಲಿ ಅಷ್ಟು ಚಿಕ್ಕ ಉತ್ತರವನ್ನು ಯಾರೂ ಕೇಳಿರಲಿಲ್ಲ. ತುರೂನೆನ್ ಹಣೆ ಚಚ್ಚಿಕೊಂಡ. "ಥೂ ನಿನ್ನ! 'ಇದ್ರೂ ಇರಬಹುದು' ಅನ್ನೋಕೆ ಏನಾಗಿತ್ತೋ ನಿಂಗೆ?"

"ಎರಡು ಒಂದು" ಎಂದ ಇಲ್ಪೊ, ಮಂಜನ್ನು ಕೊಡವಿಕೊಂಡು ಏಳುತ್ತ. "ಇನ್ನೂ ಮುಗಿದಿಲ್ಲ ಕಣೋ. ಇವರು ಇನ್ನೊಂದು ಹಾಕಿದ್ರೆ ಸಮ ಆಗುತ್ತೆ. ನೀನು ಆ ಎತ್ತರದೋನನ್ನ ಹಿಡ್ಕೊ. ಬೇಗ!"

ಅಷ್ಟರಲ್ಲೇ ಅವನಿಗೆ ಮತ್ತೆ ಹೆದರಿಕೆ ಶುರುವಾಗಿತ್ತು. ಆದರೆ ಇದು ಪಂದ್ಯ ಸೋತುಬಿಟ್ಟರೆ ಎಂಬ ಸಾಧಾರಣ ಹೆದರಿಕೆ, ಹದಿನೇಳು ವರ್ಷ ಸಂಬಳ ಪಡೆದು ಹೆದರಿದ್ದು. ಅದರ ಜೊತೆ ಹೇಗೆ ನಿಲ್ಲಬೇಕೆಂದು ಅವನಿಗೆ ಗೊತ್ತಿತ್ತು. ಕೋಲನ್ನು ಎರಡು ಕಂಬಗಳಿಗೂ ತಟ್ಟಿ, ಬಾಗಿ, ನಿಂತ.