ಸಾಣೆ ಹಿಡಿಯದ ಚಾಕು

ನಮ್ಮ ದೊಡ್ಡಪ್ಪ ಮರದ ಮಿಲ್ಲಿನಲ್ಲಿ ಮೂವತ್ತು ವರ್ಷ ಗರಗಸದ ಹಲ್ಲು ಉಜ್ಜಿದವರು. ಕೆಲಸ ಬಿಟ್ಟ ಮೇಲೂ ಕೈ ಸುಮ್ಮನಿರಲಿಲ್ಲ. ಸವೆದ ಗರಗಸದ ತುಂಡು ತಂದು, ಹಿಂದಿನ ಕೋಣೆಯಲ್ಲಿ ಕೂತು ಗೇಣುದ್ದದ ಚಾಕು ಮಾಡುವರು. ಒದ್ದೆ ಚರ್ಮವನ್ನು ಚಾಕುವಿಗೆ ಸುತ್ತಿ ಒಣಗಿಸಿ, ಮೇಣ ಸವರಿದ ದಾರದಲ್ಲಿ ಹೊಲಿದು ಒರೆಯನ್ನೂ ಅವರೇ ಮಾಡುವರು. ಮನೆಯೆಲ್ಲ ಚರ್ಮದ ವಾಸನೆ. ದೊಡ್ಡಮ್ಮ ಗೊಣಗಿ ಗೊಣಗಿ ಸಾಕಾಗಿ ಸುಮ್ಮನಾದರು.

ಅವರದೊಂದು ಹಠ. ಚಾಕು ಬೇಕೆಂದವರು ಮೊದಲು ಹಸಿ ಜೇಡಿಮಣ್ಣಿನ ಉಂಡೆ ಹಿಡಿಯಬೇಕು. ಆ ಬೆರಳಚ್ಚು ನೋಡಿ ಚಾಕುವಿನ ಹಿಡಿ ಕೆತ್ತುವುದು. ಹಿಡಿದ ರೀತಿಯಲ್ಲೇ ಚಾಕು ಯಾತಕ್ಕೆಂದು ಹೇಳಿಬಿಡುತ್ತೇನೆ ಎಂಬ ಜಂಬ ಬೇರೆ. ನಾವು ನಗುತ್ತಿದ್ದೆವು.

ಒಂದು ದಿನ ಅಕ್ಕ, ಅಂದರೆ ಅವರ ಮಗಳು, ಊರಿನ ಇನ್ನೊಂದು ತುದಿಯ ಗಂಡನ ಮನೆಯಿಂದ ಒಬ್ಬಳೇ ಬಂದಳು. ಆ ಸೆಖೆಯಲ್ಲೂ ತುಂಬುತೋಳಿನ ಅಂಗಿ.

"ಅಪ್ಪಾ, ನಂಗೊಂದು ಚಾಕು ಬೇಕು. ತರಕಾರಿ ಹೆಚ್ಚೋಕೆ."

ಮಣ್ಣು ಕೊಟ್ಟರು. ತರಕಾರಿ ಹೆಚ್ಚುವವರು ತೋರುಬೆರಳು ಮುಂದೆ ಚಾಚುತ್ತಾರೆ. ಅಕ್ಕ ಹೆಬ್ಬೆರಳು ಮೇಲೊತ್ತಿ, ತಿವಿಯುವವರ ಹಾಗೆ ಹಿಡಿದಳು. ದೊಡ್ಡಪ್ಪನ ಮುಖ ಕಪ್ಪಿಟ್ಟಿತು.

"ಅವನು ಮತ್ತೆ ಕೈ ಮಾಡಿದ್ನಾ?"

"ಯಾವಾಗ ಕೊಡ್ತೀಯಪ್ಪ?"

ಇಲ್ಲೇ ಇದ್ದುಬಿಡು ಎಂದು ಅವರು ಹೇಳಲಿಲ್ಲ. ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಚಾಕು ಮಾಡಿದರು, ಸಾಣೆ ಮಾತ್ರ ಹಿಡಿಯಲಿಲ್ಲ. ತುದಿಯನ್ನೂ ಉಜ್ಜಿ ದುಂಡಗೆ ಮಾಡಿದರು. "ಮಗಳು ಜೈಲಿಗೆ ಹೋಗೋದು ತಪ್ತು," ಎಂದು ನನ್ನೆದುರು ನಿರಾಳವಾಗಿ ಚಹಾ ಕುಡಿದರು. ಒರೆಯನ್ನು ಎಷ್ಟು ಅಚ್ಚುಕಟ್ಟಾಗಿ ಹೊಲಿದಿದ್ದರೆಂದರೆ, ಅಕ್ಕ ಚಾಕು ಹೊರತೆಗೆದೂ ನೋಡದೆ ಚೀಲಕ್ಕೆ ಹಾಕಿಕೊಂಡು ಹೋದಳು.

ಒಂಬತ್ತನೇ ದಿನ ಬೆಳಗ್ಗೆ ಹನ್ನೊಂದಕ್ಕೆ ಭಾವ ಬಂದ. ಕೆನ್ನೆಯುದ್ದಕ್ಕೂ ಕೆಂಪು ಬಾಸುಂಡೆ, ಚರ್ಮ ಹರಿದಿರಲಿಲ್ಲ. ಚಾಕುವನ್ನು ಒರೆಸಮೇತ ಮೇಜಿನ ಮೇಲಿಟ್ಟ.

"ತುಂಬಾ ಮೊಂಡು ಮಾವ. ಸ್ವಲ್ಪ ಸಾಣೆ ಹಿಡಿದು ಕೊಡಿ."

"ಅವಳೆಲ್ಲಿ?"

"ಮಲಗಿದಾಳೆ."

"ಇಷ್ಟೊತ್ತಲ್ಲಿ?"

ಭಾವ ಕುರ್ಚಿ ಎಳೆದುಕೊಂಡು ಕೂತ. "ನಂಗೇನೂ ಅವಸರ ಇಲ್ಲ. ನಿಧಾನಕ್ಕೆ ಮಾಡಿ."

ದೊಡ್ಡಪ್ಪ ಚಪ್ಪಲಿಯನ್ನೂ ಮೆಟ್ಟದೆ ಬೀದಿಗಿಳಿದು ಓಡಿದರು. ಹಿಂದೆ ನಾನು. ಅವರು ಓಡಿದ್ದನ್ನು ನಾನು ಕಂಡದ್ದು ಅವತ್ತೊಂದೇ ದಿನ.

ಅಕ್ಕನ ಮನೆಗೆ ಹೊರಗಿನಿಂದ ಬೀಗ ಹಾಕಿತ್ತು. ದೊಡ್ಡಪ್ಪ ಬಾಗಿಲು ಬಡಿದು ಮಗಳನ್ನು ಮೂರು ಸಲ ಕರೆದರು. ಒಳಗಿನಿಂದ ಯಾರೂ ಓಗೊಡಲಿಲ್ಲ.